ಯಶೋಧಕ್ಕನ ಗುಡಾರದ ಬಂಡಿ

ಕಾನಹೊಸಹಳ್ಳಿಯಿಂದ ಉಜ್ಜಿನಿಗೆ ಹೋಗುವ ರಸ್ತೆಯ ಮೊದಲ ತಿರುವಿನಲ್ಲಿ ಯಶೋಧಕ್ಕನ ವೆಲ್ಡಿಂಗ್ ಶಾಪ್ ಇದೆ. ಅದಕ್ಕೆ ಬೋರ್ಡಿಲ್ಲ. ಬೇವಿನ ಮರಕ್ಕೆ ಒರಗಿಸಿಟ್ಟ ಟ್ರೇಲರಿನ ಹಳೆಯ ಬಾಗಿಲೇ ಬೋರ್ಡು. ನಾನು ಕೊಟ್ಟೂರಿನ ಕಾಲೇಜಿಗೆ ಹೋಗುವ ಬಸ್ಸು ಆ ಮರದ ಕೆಳಗೇ ನಿಲ್ಲುತ್ತದೆ. ಮೂರು ವರ್ಷ ದಿನಾ ಬೆಳಗ್ಗೆ ಅಲ್ಲಿ ನಿಂತು ನಿಂತು, ಕಬ್ಬಿಣ ಸುಡುವ ವಾಸನೆ ನನಗೆ ಕಾಲೇಜಿನ ವಾಸನೆಯೇ ಆಗಿಬಿಟ್ಟಿದೆ.

"ಕಿಡಿ ನೋಡಬ್ಯಾಡ, ಪುಸ್ತಕ ನೋಡು" ಎಂದು ಯಶೋಧಕ್ಕ ಮುಖಕ್ಕೆ ಹಿಡಿದ ಕಪ್ಪು ಗಾಜಿನ ಹಿಂದಿನಿಂದಲೇ ಗದರುತ್ತಿದ್ದಳು. ಆ ಗಾಜಿನ ಹಿಂದಿನಿಂದ ನನ್ನನ್ನು ಹೇಗೆ ನೋಡುತ್ತಿದ್ದಳೋ ಗೊತ್ತಿಲ್ಲ.

ಅವಳಿಗೆ ಈಗ ಮೂವತ್ತೆಂಟು. ಗಂಡ ಬಸ್ ಕಂಡಕ್ಟರ್, ವಾರಕ್ಕೆ ಎರಡು ದಿನ ಮನೆಗೆ ಬರುತ್ತಾನೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು ಅವಳು ಕೆಲಸಕ್ಕೆ ಕೂರುತ್ತಾಳೆ. ಆ ಅಂಗಿಯ ತೋಳಿನ ತುಂಬ ಕಿಡಿ ಬಿದ್ದ ತೂತುಗಳು. ದೂರದ ಊರಿನಿಂದ ಬಂದ ರೈತರು ಅವಳ ಮುಂದೆಯೇ ನಿಂತು, "ಮೇಸ್ತ್ರಿ ಎಲ್ಲಿ ಹೋಗ್ಯಾನಮ್ಮ?" ಎಂದು ಕೇಳುವುದುಂಟು. ಅವಳು ತಲೆ ಎತ್ತದೆ, "ಇಲ್ಲೇ ಅದಾನ, ಸೀರಿ ಉಟ್ಕೊಂಡಾನ, ಹೇಳ್ರಿ" ಎನ್ನುತ್ತಾಳೆ.

ಅವಳ ಅಪ್ಪ ಜಂಬಯ್ಯಜ್ಜ ಎತ್ತಿನ ಬಂಡಿ ಮಾಡುತ್ತಿದ್ದವರು. ಬಂಡಿ ಮಾಡಿಸುವವರು ಕಡಿಮೆಯಾದಾಗ ಮರ ಬಿಟ್ಟು ಕಬ್ಬಿಣ ಹಿಡಿದು ಟ್ರ್ಯಾಕ್ಟರಿನ ಟ್ರೇಲರ್ ಕಟ್ಟಲು ಶುರುಮಾಡಿದರು. ಆದರೆ ವೆಲ್ಡಿಂಗಿನ ಬೆಳಕು ಅವರ ಕಣ್ಣಿಗೆ ಆಗಿಬರಲಿಲ್ಲ. ಹತ್ತನೇ ತರಗತಿ ಮುಗಿಸಿದ್ದ ಮಗಳು ಕಬ್ಬಿಣದ ಪಟ್ಟಿ ಹಿಡಿದುಕೊಳ್ಳಲು ಬಂದು ನಿಲ್ಲುತ್ತಿದ್ದಳು. ಒಂದು ದಿನ ಅವರ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯುವುದನ್ನು ನೋಡಿ ಕೈಯಿಂದ ಹೋಲ್ಡರ್ ತೆಗೆದುಕೊಂಡಳಂತೆ. "ಅಪ್ಪಾ, ನೀ ಅಳತಿ ಹೇಳು, ನಾ ಸುಡ್ತೀನಿ." ಅಂದಿನಿಂದ ಇಂದಿನವರೆಗೆ ಅಳತೆ ಅಪ್ಪನದು, ಬೆಂಕಿ ಮಗಳದು.

ಬಂಡಿಯ ಕಾಲದಿಂದ ಬಂದ ಒಂದು ಪರೀಕ್ಷೆ ಆ ಶಾಪಿನಲ್ಲಿ ಹಾಗೇ ಉಳಿದಿತ್ತು. ಬಂಡಿಯ ಮುಂದೆ ಚಾಚಿಕೊಂಡು ನೊಗಕ್ಕೆ ಸೇರುವ ಉದ್ದನೆಯ ಮರಕ್ಕೆ ಮೂಕಿ ಎನ್ನುತ್ತಾರೆ. ಬಂಡಿ ಸಿದ್ಧವಾದ ಮೇಲೆ ಅದಕ್ಕೆ ಹೇರು ಹೇರಿ ಜಂಬಯ್ಯಜ್ಜ ಆ ಮೂಕಿಯ ತುದಿಯನ್ನು ತೋರುಬೆರಳಿನಿಂದ ಎತ್ತಿ ನೋಡುತ್ತಿದ್ದರು. ಬೆರಳಿಗೆ ಎದ್ದರೆ ಬಂಡಿ ಪಾಸು. ಏಳದಿದ್ದರೆ ಅಚ್ಚು ಬಿಚ್ಚಿ ಮತ್ತೆ ಕೂರಿಸಬೇಕು. "ಬಂಡಿ ಎತ್ತಿನ ಹೆಗಲಿಗೆ ಮುಟ್ಟಬೇಕು, ಕುಂದ್ರಬಾರದು" ಎಂಬುದು ಅವರ ಮಾತು. ಮೂಕಿ ಹೋಗಿ ಕಬ್ಬಿಣದ ಪೈಪು ಬಂದಿತ್ತು, ನೊಗ ಹೋಗಿ ಟ್ರ್ಯಾಕ್ಟರಿನ ಕೊಂಡಿ ಬಂದಿತ್ತು. ಆದರೂ ಯಶೋಧಕ್ಕ ಕಟ್ಟಿದ ಪ್ರತಿ ಟ್ರೇಲರಿನ ಮೂಕಿಯನ್ನೂ ಅಜ್ಜ ಬೆರಳಿನಿಂದ ಎತ್ತಿ ನೋಡಿಯೇ ಕಳಿಸುತ್ತಿದ್ದರು. ರೈತರಿಗೂ ಅದು ಹಿತವಾಗಿತ್ತು. ಅವಳ ಟ್ರೇಲರನ್ನು ಒಬ್ಬನೇ ಎತ್ತಿ ಟ್ರ್ಯಾಕ್ಟರಿಗೆ ಸಿಗಿಸಬಹುದಿತ್ತು.

ನಾನು ಹೇಳಹೊರಟಿರುವುದು ಹೋದ ದೀಪಾವಳಿಯ ಆಸುಪಾಸಿನ ಸಂಗತಿ.

ನಮ್ಮ ಓಣಿಯ ಬೊಮ್ಮಮ್ಮನಿಗೆ ನೂರಿಪ್ಪತ್ತು ಕುರಿಗಳಿವೆ. ದೀಪಾವಳಿ ಮುಗಿದು ಮೆಕ್ಕೆಜೋಳದ ಕಟಾವಾದ ಕೂಡಲೇ ಅವಳ ಕುರಿಮಂದೆ ಉಜ್ಜಿನಿ, ಕೊಟ್ಟೂರು ದಾಟಿ ಹರಪನಹಳ್ಳಿಯ ಕಡೆಗೆ ನಡೆಯುತ್ತದೆ. ಅಲ್ಲಿಂದ ಹಡಗಲಿಯ ಹೊಳೆದಂಡೆಗೆ. ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಎರಡು ದಿನ ಒಂದು ಹೊಲ, ಮೂರು ದಿನ ಇನ್ನೊಂದು. ಬೊಮ್ಮಮ್ಮ ಮದುವೆಯಾಗಿ ಬಂದ ವರ್ಷದಿಂದ ಒಂದು ವರ್ಷವೂ ತಪ್ಪಿಸದೆ ಆ ದಾರಿ ನಡೆದವಳು. ಈದ ಕುರಿಯ ಬಳಿ ಕೂತು, ನಿಲ್ಲಲಾರದ ಮರಿಯ ಮೂಗು ಒರೆಸಿ, ಮೊಲೆಗೆ ಹಚ್ಚಿ, ಬದುಕಿಸುವ ಕೈ ಅವಳದು.

ಹಿಂದಿನ ವರ್ಷ ಹರಪನಹಳ್ಳಿ ಹತ್ತಿರದ ಹೊಲದಲ್ಲಿ ಮಲಗಿದ್ದಾಗ ಅವಳಿಗೆ ಕಟ್ಟುಹಾವು ಕಚ್ಚಿತು. ಇರುವೆಯೋ ಏನೋ ಎಂದುಕೊಂಡಿದ್ದಳು. ಬೆಳಗ್ಗೆ ರೆಪ್ಪೆ ಎತ್ತಲು ಆಗದಿದ್ದಾಗ ಮಗ ಬೀರಲಿಂಗೇಶ್ ಅವಳನ್ನು ಬೈಕಿನಲ್ಲಿ ತನ್ನ ಬೆನ್ನಿಗೆ ಕಂಬಳಿಯಿಂದ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದ. ನಾಲ್ಕು ದಿನ ಅವಳು ಮಾತಾಡಲಿಲ್ಲ. ಐದನೆಯ ದಿನ ಆಡಿದ ಮೊದಲ ಮಾತು, "ಕರಿಕುರಿ ಈತೇನು?" ಎಂದು.

ಆ ನಾಲ್ಕು ದಿನಗಳನ್ನು ಬೀರಲಿಂಗೇಶ್ ಮರೆಯಲಿಲ್ಲ. ಈ ವರ್ಷ ಮಂದೆ ಹೊರಡುವ ಮಾತು ಬಂದಾಗ ಹೇಳಿಬಿಟ್ಟ: "ಅವ್ವ ಮನಿಯಾಗ ಇರ್ಲಿ. ನೆಲದ ಮ್ಯಾಲೆ ಮಲಗಾಕ ನಾ ಕರ್ಕೊಂಡು ಹೋಗಂಗಿಲ್ಲ."

"ಮಂಚ ಒಯ್ಯೋಣು" ಎಂದಳು ಬೊಮ್ಮಮ್ಮ.

"ಮಂಚಕ್ಕೂ ಹತ್ತತೈತಿ ಅದು. ಮಳಿ ಬಂದ್ರ? ಗಾಳಿ ಬಂದ್ರ?"

ಬೊಮ್ಮಮ್ಮ ಜಗಳವಾಡಲಿಲ್ಲ. ಅವಳು ಊಟ ಕಡಿಮೆ ಮಾಡಿದಳು. ಮಧ್ಯಾಹ್ನ ಬಂದು ಯಶೋಧಕ್ಕನ ಬೇವಿನ ಮರದ ಕೆಳಗೆ ಕೂರಲು ಶುರುಮಾಡಿದಳು. ಅಲ್ಲಿಂದ ಉಜ್ಜಿನಿ ರಸ್ತೆ ಕಾಣುತ್ತದೆ.

ಅದೇ ವಾರ ಹಂಪಿಗೆ ಹೊರಟಿದ್ದ ಒಂದು ದೊಡ್ಡ ಕಾರು ಶಾಪಿನ ಮುಂದೆ ನಿಂತಿತು. ಕಾರಿನ ತಲೆಯ ಮೇಲೆ ದಪ್ಪ ಹಾಸಿಗೆಯಂಥದ್ದೇನೋ ಕಟ್ಟಿದ್ದರು. ಅದರ ಒಂದು ಪಟ್ಟಿ ಬಿಟ್ಟುಹೋಗಿತ್ತು. ಬೆಸುಗೆ ಹಾಕಿಕೊಟ್ಟ ಯಶೋಧಕ್ಕ, "ಏನ್ರಿ ಇದು?" ಎಂದು ಕೇಳಿದಳು. ಅವರು ಬಿಚ್ಚಿ ತೋರಿಸಿದರು. ಮಡಿಚಿದ್ದ ಹಲಗೆ ಪುಸ್ತಕ ತೆರೆದಂತೆ ತೆರೆದುಕೊಂಡಿತು. ಅರ್ಧ ಕಾರಿನ ಮೇಲೆ, ಅರ್ಧ ಗಾಳಿಯಲ್ಲಿ. ಗಾಳಿಯಲ್ಲಿದ್ದ ಅರ್ಧಕ್ಕೆ ಏಣಿಯೇ ಊರುಗೋಲು. ಹಲಗೆ ತೆರೆಯುತ್ತಿದ್ದಂತೆ ಬಟ್ಟೆಯ ಗುಡಾರ ತಾನೇ ಎದ್ದು ನಿಂತಿತು. ಯಶೋಧಕ್ಕ ಕೇಳದೆಯೇ ಏಣಿ ಹತ್ತಿ ಒಳಗೆ ಹೋದಳು. ಐದು ನಿಮಿಷ ಹೊರಗೆ ಬರಲಿಲ್ಲ. ಬಂದವಳೇ ಮರದ ಕೆಳಗೆ ಕೂತಿದ್ದ ಬೊಮ್ಮಮ್ಮನ ಕಡೆ ನೋಡಿದಳು.

"ದೊಡ್ಡವ್ವಾ, ನಿಮ್ಮ ತಮ್ಮನ ಜೀಪು ಇನ್ನಾ ಓಡತೈತೇನು?"

ಬೊಮ್ಮಮ್ಮನ ತಮ್ಮ ಮಾರೇಶ್ ಮೊದಲು ಕೂಡ್ಲಿಗಿಗೆ ಜನ ತುಂಬಿಕೊಂಡು ಜೀಪು ಓಡಿಸುತ್ತಿದ್ದವನು. ಈಗ ಆ ಜೀಪಿನಲ್ಲಿ ಮಂದೆಯ ಹಿಂದೆ ಪಾತ್ರೆ, ರಾತ್ರಿ ಕುರಿ ಕೂಡುವ ಬಲೆ, ಹಿಟ್ಟು ಸಾಗಿಸುತ್ತಾನೆ. ಓಡತೈತಿ ಎಂದಳು ಬೊಮ್ಮಮ್ಮ.

"ಅದರ ಬೆನ್ನಿಗೆ ಕಟ್ಟಾಕ ಒಂದು ಸಣ್ಣ ಬಂಡಿ ಮಾಡ್ತೀನಿ. ಹೊಲ, ಹಳ್ಳ, ಬದು ಎಲ್ಲಾ ಹತ್ತಿ ಇಳಿಯೋ ಅಂಥದ್ದು. ಕೆಳಗ ಮರಿ ಕುಂದ್ರಿಸೋ ಪೆಟ್ಟಿಗಿ. ಮ್ಯಾಲೆ ಗುಡಾರ. ನೆಲದಿಂದ ಆಳೆತ್ತರ."

ಸಂಜೆ ಅವ್ವನನ್ನು ಕರೆಯಲು ಬಂದ ಬೀರಲಿಂಗೇಶ್ ನಕ್ಕ. ಆದರೆ ಯಶೋಧಕ್ಕ ಹೇಳಿದ್ದನ್ನು ಪೂರ್ತಿ ಕೇಳಿದ. "ಯಶೋಧಕ್ಕಾ, ಉಜ್ಜಿನಿ ತನಕ ಹೋಗಿ ಬರ್ಲಿ ಅದು. ನನ್ನ ಕಣ್ಣಿಗೆ ಸರಿ ಕಂಡ್ರ ಅವ್ವ ಬರ್ತಾಳ. ಇಲ್ಲಂದ್ರ ಬರಂಗಿಲ್ಲ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಕುರಿ ಹೊರಡ್ತಾವ."

ಕೈಯಲ್ಲಿದ್ದದ್ದು ಹನ್ನೊಂದು ದಿನ.

ಆ ದಿನಗಳಲ್ಲಿ ನಾನು ಎರಡು ಸಲ ಬಸ್ಸು ತಪ್ಪಿಸಿಕೊಂಡೆ. ಕೆಲಸ ಬೆಳೆಯುವುದನ್ನು ನೋಡುವುದು ಅಷ್ಟು ಚೆನ್ನಾಗಿತ್ತು. ಜೀಪಿನ ಗಾಲಿಯ ಅಳತೆಗೇ ಬಂಡಿಯ ಗಾಲಿ, ಹೊಲದಲ್ಲಿ ಒಂದೇ ಜಾಡು ಬೀಳಲೆಂದು. ಪೆಟ್ಟಿಗೆಯ ಬದಿಗೆ ಜಾಲರಿ, ಮರಿಗಳಿಗೆ ಉಸಿರಾಡಲು. ಪೆಟ್ಟಿಗೆಯ ನಾಲ್ಕು ಮೂಲೆಗೆ ಚೌಕ ಪೈಪಿನ ಕಂಬ, ಕಂಬಗಳ ಮೇಲೆ ಎರಡು ಅಡ್ಡಪಟ್ಟಿ. ಗುಡಾರದ ಹಲಗೆ ಕೂರುವುದು ಆ ಪಟ್ಟಿಗಳ ಮೇಲೆ. ಹಲಗೆಗೆ ನಡುವೆ ಕೀಲು. ಬಟ್ಟೆಯನ್ನು ಕೊಟ್ಟೂರಿನಲ್ಲಿ ಲಾರಿಯ ತಾಡಪಾಲು ಹೊಲಿಯುವ ಗವಿಸಿದ್ದೇಶ್ ಹೊಲಿದುಕೊಟ್ಟ. ಅದನ್ನು ಹೊತ್ತು ತಂದದ್ದು ನಾನೇ, ಕಾಲೇಜು ಬಿಟ್ಟ ಮೇಲೆ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು.

ಕೂರಿಸುವ ದಿನ ನಾಲ್ಕು ಜನ ಹಲಗೆ ಎತ್ತಿದೆವು. ಯಶೋಧಕ್ಕ ಹಲಗೆಗೂ ಪಟ್ಟಿಗೂ ನಡುವೆ ಸೈಕಲ್ ಟ್ಯೂಬು ಕತ್ತರಿಸಿ ಮೆತ್ತೆ ಹಾಕಿದಳು, ಕಲ್ಲುದಾರಿಯಲ್ಲಿ ಕುಟ್ಟಬಾರದೆಂದು. ಎಂಟು ಬೋಲ್ಟು. ಪ್ರತಿ ಬೋಲ್ಟಿಗೆ ಎರಡೆರಡು ನಟ್ಟು, ಒಂದು ಸಡಿಲಾದರೆ ಇನ್ನೊಂದು ಹಿಡಿಯಲೆಂದು. ಬಿಗಿ ಮಾಡುವಾಗ ಒಂದೊಂದನ್ನೇ ಪೂರ್ತಿ ತಿರುಗಿಸಲಿಲ್ಲ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದಳು. ಗುಡಾರಕ್ಕೆ ಎರಡೂ ತುದಿಯಲ್ಲಿ ಕಿಟಕಿ ಇಡಿಸಿದ್ದಳು. ಯಾಕೆ ಎಂದು ಕೇಳಿದೆ.

"ಬಂಡಿ ಇವತ್ತು ಹಿಂಗ ನಿಂತರ ನಾಳಿ ಹಂಗ ನಿಲ್ತೈತಿ. ದೊಡ್ಡವ್ವ ಉತ್ತರಕ್ಕ ತಲಿ ಹಾಕಿ ಮಲಗಂಗಿಲ್ಲ. ಎತ್ತಾಗ ತಲಿ ಹಾಕಿದ್ರೂ ಗಾಳಿ ಬೇಕಲ್ಲ?"

ಕೊನೆಗೆ ಪರೀಕ್ಷೆ. ಜಂಬಯ್ಯಜ್ಜ ಬಂದು ಮೂಕಿಯ ತುದಿಗೆ ಬೆರಳು ಕೊಟ್ಟರು. ಏಳಲಿಲ್ಲ. "ಮುಂದ ಭಾರ ಐತಿ. ಹಲಗಿ ಹಿಂದಕ್ಕ ಸರಿಸು" ಎಂದರು. ಯಶೋಧಕ್ಕ ಎಂಟೂ ಬೋಲ್ಟು ಬಿಚ್ಚಿ ಹಲಗೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಮತ್ತೆ ಬಿಗಿದಳು. ಈಗ ಅಜ್ಜನ ಬೆರಳಿಗೆ ಮೂಕಿ ಹೂವಿನ ಹಾಗೆ ಎದ್ದಿತು. ಅಪ್ಪ ಮಗಳು ಇಬ್ಬರೂ ನಕ್ಕರು. ಅವಳ ನಗು ನೋಡಿ ಬೊಮ್ಮಮ್ಮ ಆ ಮಧ್ಯಾಹ್ನ ಎರಡು ರೊಟ್ಟಿ ತಿಂದಳು.

ಶನಿವಾರ ಬೆಳಗ್ಗೆ ಉಜ್ಜಿನಿಗೆ ಹೊರಟೆವು. ಹೊಸ ಗಾಡಿಗೆ ಮರುಳಸಿದ್ದೇಶ್ವರನ ಗುಡಿಯ ಮುಂದೆ ಪೂಜೆ ಆಗಬೇಕಿತ್ತು. ಮಾರೇಶ್ ಚಾಲಕ. ಅವನ ಪಕ್ಕ ಬೊಮ್ಮಮ್ಮ, ಹಿಂದೆ ಯಶೋಧಕ್ಕ, ಜಂಬಯ್ಯಜ್ಜ, ನಾನು. ಬೀರಲಿಂಗೇಶ್ ಬೈಕಿನಲ್ಲಿ ನಮ್ಮ ಹಿಂದೆ, ಬಂಡಿಯನ್ನೇ ನೋಡುತ್ತ.

ಊರು ದಾಟುವವರೆಗೆ ಎಲ್ಲ ಸರಿಯಿತ್ತು. ರಸ್ತೆ ನೇರವಾಗಿ ಮಾರೇಶ್ ವೇಗ ನಲವತ್ತಕ್ಕೆ ಏರಿಸಿದ ಮೇಲೆ ಬಂಡಿ ಬಾಲ ಆಡಿಸಲು ಶುರುಮಾಡಿತು. ಮೊದಲು ಮೆಲ್ಲಗೆ, ಆಮೇಲೆ ರಸ್ತೆಯ ಈ ಅಂಚಿಗೂ ಆ ಅಂಚಿಗೂ. ಜೀಪಿನ ಹಿಂಭಾಗವನ್ನೂ ಎಳೆದಾಡಿತು. ಬೊಮ್ಮಮ್ಮ ಎದುರಿನ ಸರಳು ಹಿಡಿದುಕೊಂಡಳು. ಮಾರೇಶ್ ಬ್ರೇಕು ಮುಟ್ಟದೆ ಕಾಲು ಎತ್ತಿದ. ವೇಗ ಇಳಿದ ಮೇಲೆ ಬಂಡಿ ಏನೂ ಗೊತ್ತಿಲ್ಲದ ಹಾಗೆ ನೆಟ್ಟಗೆ ಬಂತು.

ಬೀರಲಿಂಗೇಶ್ ಬೈಕನ್ನು ಜೀಪಿನ ಪಕ್ಕಕ್ಕೆ ತಂದ. ಬೈಯಲಿಲ್ಲ. "ಪೂಜಿ ಮಾಡಿಸ್ಕೊಂಡು ಬರ್ರಿ ಯಶೋಧಕ್ಕಾ. ಆಮ್ಯಾಲೆ ಅದ್ರಾಗ ಕೋಳಿ ಸಾಕ್ರಿ. ಅವ್ವ ಬರಂಗಿಲ್ಲ." ಬೈಕು ತಿರುಗಿಸಿಕೊಂಡು ಊರಿಗೆ ಹೋದ.

ಉಜ್ಜಿನಿ ಹತ್ತಿರ ಬಂದಾಗ ಜಂಬಯ್ಯಜ್ಜ ಹೇಳಿದರು. "ನಿನ್ನ ಜೀಪು ಸರಿ ಇಲ್ಲ ಮಾರೇಶ. ಬಂಡಿ ಬೆರಳಿಗೆ ಎದ್ದೈತಿ."

"ಹೌದಜ್ಜಾ, ಜೀಪಿಗೂ ನಿನ್ನಂಗ ವಯಸ್ಸಾಗೈತಿ" ಎಂದ ಮಾರೇಶ್.

ಪೂಜೆ ಆಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗ ಬೊಮ್ಮಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಮಾರೇಶ್ ಖಾಲಿ ಗಾಡಿ ಓಡಿಸಿದವನೇ ಅಲ್ಲ. ಉಜ್ಜಿನಿಯ ನೆಂಟರ ಮನೆಯಿಂದ ಎರಡು ಚೀಲ ಮೆಕ್ಕೆಜೋಳ ತಂದು ಬಂಡಿಗೆ ಹಾಕಿದ. ಹಿಂದಿನ ಬಾಗಿಲಿಗೆ ಏಣಿ ಅಡ್ಡವಿತ್ತು. ಅದಕ್ಕೇ ಮುಂಭಾಗದ ಚಿಕ್ಕ ಬಾಗಿಲಿನಿಂದ ತುರುಕಿದ. ಚೀಲಗಳು ಪೆಟ್ಟಿಗೆಯ ಮುಂದಿನ ಗೋಡೆಗೆ ಒರಗಿಕೊಂಡವು.

ವಾಪಸು ಬರುವಾಗ ಯಶೋಧಕ್ಕ ಹಿಂದಕ್ಕೆ ತಿರುಗಿ ಬಂಡಿಯನ್ನೇ ನೋಡುತ್ತ ಕೂತಿದ್ದಳು. ಅವಳ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಗಮನವಿತ್ತು. ಕಟಾವಾದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಮಾರೇಶ್ ಬೇಸರದಲ್ಲಿ ಎಲ್ಲ ಮರೆತು ಓಡಿಸುತ್ತಿದ್ದ.

"ಮಾವಾ, ಎಷ್ಟರಾಗ ಹೊಂಟೀರಿ?" ಎಂದು ಯಶೋಧಕ್ಕ ಕೇಳಿದಳು.

ಮಾರೇಶ್ ವೇಗದ ಮುಳ್ಳು ನೋಡಿ ಬೆಚ್ಚಿದ. "ಐವತ್ತು! ನಿಲ್ಲು, ಕಡಿಮಿ ಮಾಡ್ತೀನಿ."

"ಬ್ಯಾಡ. ಹಂಗೇ ಹೋಗ್ರಿ."

ಬಂಡಿ ಒಂದು ಗೇಣೂ ಆಚೀಚೆ ಆಗದೆ ಹಿಂದೆ ಬರುತ್ತಿತ್ತು.

ಶಾಪಿಗೆ ಬಂದವಳು ನೀರು ಕೂಡ ಕುಡಿಯಲಿಲ್ಲ. ಬಂಡಿ ಬಿಚ್ಚಿಸಿ ಮೂಕಿ ಎತ್ತಿ ನೋಡಿದಳು. ಎರಡೂ ಕೈ ಬೇಕಾಯಿತು. ಚೀಲಗಳನ್ನು ಇಳಿಸಿ ಮತ್ತೆ ಎತ್ತಿದಳು. ಬೆರಳಿಗೆ ಎದ್ದಿತು. ಚೀಲ ಹಾಕಿಸಿದಳು. ಮತ್ತೆ ಎರಡು ಕೈ. ಆಮೇಲೆ ಮೂಕಿಯ ಮೇಲೇ ಕೂತುಬಿಟ್ಟಳು.

"ಅಪ್ಪಾ, ಮೂಗು ಭಾರ ಇರಬೇಕು ಇದಕ್ಕ."

"ಹುಚ್ಚೇನು ನಿನಗ? ಎತ್ತಿನ ಕುತ್ತಿಗಿ ಮುರಿತೈತಿ!"

ಯಶೋಧಕ್ಕ ಮೆಲ್ಲಗೆ ಕೇಳಿದಳು. "ಅಪ್ಪಾ, ಎತ್ತೆಲ್ಲೈತಿ?"

ಜಂಬಯ್ಯಜ್ಜ ಬಂಡಿಯ ಮುಂದೆ ಎತ್ತು ನಿಲ್ಲುವ ಜಾಗವನ್ನು ನೋಡಿದರು. ಅಲ್ಲಿ ಜೀಪಿನ ಕೊಂಡಿ ಇತ್ತು, ಕೊಂಡಿಯ ಮೇಲೆ ಪೂಜೆಯ ಕುಂಕುಮ. ಅವರು ಎತ್ತಿನ ಹೆಗಲಿನ ನೋವನ್ನು ಐವತ್ತು ವರ್ಷ ತನ್ನ ಬೆರಳ ತುದಿಯಲ್ಲಿ ತೂಗಿದ ಮನುಷ್ಯ. ಆ ಕರುಣೆ ತಪ್ಪು ಎಂದು ಮಗಳು ಹೇಳಲಿಲ್ಲ. ಮೆಲ್ಲಗೆ ನಡೆಯುವ ಎತ್ತಿಗೆ, ಮೆಲ್ಲಗೆ ಎಳೆಯುವ ಟ್ರ್ಯಾಕ್ಟರಿಗೆ ಅದು ಸರಿಯಾಗಿತ್ತು. ಜೀಪಿನ ವೇಗಕ್ಕೆ ಮುಂದೆ ಸ್ವಲ್ಪ ಒತ್ತಿ ಹಿಡಿಯುವ ಭಾರ ಬೇಕಿತ್ತು. ಅದಿಲ್ಲದ ಬಂಡಿಗೆ ಹಿಂದಿನ ಭಾರವೇ ಯಜಮಾನ.

"ಎಷ್ಟು ಭಾರ ಬೇಕು ಅಂತಿ?" ಎಂದು ಕೊನೆಗೆ ಕೇಳಿದರು.

"ಎರಡು ಕೈಯಿಂದ ಎತ್ತೋವಷ್ಟು. ಸೊಂಟ ಹಿಡಿಬಾರದು."

"ಹಂಗಾರ ಹಲಗಿ ಮುಂದಕ್ಕ ತಗೋ." ಸ್ಪ್ಯಾನರನ್ನು ಅವರೇ ಎತ್ತಿ ಅವಳ ಕೈಗೆ ಕೊಟ್ಟರು.

ಶನಿವಾರದ ಸಂಜೆ, ಭಾನುವಾರದ ಬೆಳಗ್ಗೆ ಕೆಲಸ ನಡೆಯಿತು. ಎಂಟೂ ಬೋಲ್ಟು ಮತ್ತೆ ಬಿಚ್ಚಿದಳು. ಪಟ್ಟಿಗಳಿಗೆ ಹೊಸ ತೂತು ಕೊರೆದು ಗುಡಾರದ ಹಲಗೆಯನ್ನು ಮುಂದಕ್ಕೆ ತಂದಳು. ಹಿಂದೆ ನೇತುಹಾಕಿದ್ದ ಹೆಚ್ಚುವರಿ ಗಾಲಿ ಮೂಕಿಯ ಮೇಲೆ ಬಂತು. ಜೋಳದ ಚೀಲಗಳನ್ನು ಸದಾ ಹೊತ್ತು ತಿರುಗಲು ಆಗುವುದಿಲ್ಲ. ಅದಕ್ಕೇ ಅವುಗಳ ಜಾಗಕ್ಕೆ, ಪೆಟ್ಟಿಗೆಯ ಮುಂದೆ ನಲವತ್ತು ಲೀಟರಿನ ನೀರಿನ ಡ್ರಮ್ಮಿಗೆ ಕಬ್ಬಿಣದ ಒಂದು ಚೌಕಟ್ಟು ಕಟ್ಟಿದಳು. ಅಲ್ಲೇ ಒಂದು ತೊಡಕೂ ಕಂಡಿತು. ನೀರು ಖರ್ಚಾದಂತೆ ಮೂಗು ಮತ್ತೆ ಹಗುರವಾಗುತ್ತದೆ.

"ದೊಡ್ಡವ್ವಾ, ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಹೊಲದಿಂದ ಹೊಲಕ್ಕ ಹೊರಡಾಗ ಈ ಡ್ರಮ್ಮು ಖಾಲಿ ಇರಬಾರದು."

ಬೊಮ್ಮಮ್ಮ ಅವಳನ್ನು ವಿಚಿತ್ರವಾಗಿ ನೋಡಿದಳು. "ಖಾಲಿ ಕೊಡ ಇಟ್ಕೊಂಡು ಯಾರರ ಊರು ಬಿಟ್ಟು ಹೊರಡ್ತಾರೇನ? ನನಗ ಹೇಳ್ತಾಳ ಇಕಿ!"

ಯಶೋಧಕ್ಕ ಎರಡು ದಿನಗಳಲ್ಲಿ ಮೊದಲ ಸಲ ಜೋರಾಗಿ ನಕ್ಕಳು.

ಭಾನುವಾರ ಮಧ್ಯಾಹ್ನ ಬೀರಲಿಂಗೇಶನನ್ನು ಕರೆಸಲು ಅವಳೇ ಹೋದಳು. ಅವನು ಹಟ್ಟಿಯಲ್ಲಿ ಬಲೆ ಸುತ್ತುತ್ತಿದ್ದ. "ಆಗ್ಲೇ ನೋಡೀನಲ್ಲಕ್ಕಾ" ಎಂದ.

"ಅದು ನನ್ನ ತಪ್ಪು. ತಪ್ಪು ಗೊತ್ತಾಗೈತಿ. ಇನ್ನೊಂದು ಸಲ ನೋಡು. ಬೈಕಿನ ಮ್ಯಾಲೆ ಬ್ಯಾಡ, ಜೀಪಿನ್ಯಾಗ ಹಿಂದಕ್ಕ ಮುಖ ಮಾಡಿ ಕುಂದ್ರು. ನಿನಗ ಎದಿ ಝಲ್ ಅಂದ್ರ ನಾನೇ ನಿಮ್ಮವ್ವಗ ಹೇಳ್ತೀನಿ, ಹೋಗಬ್ಯಾಡ್ರಿ ಅಂತ."

ತಪ್ಪು ತನ್ನದೆಂದು ಅಷ್ಟು ಸರಳವಾಗಿ ಹೇಳುವ ಮೇಸ್ತ್ರಿಯನ್ನು ಅವನು ಅದುವರೆಗೆ ಕಂಡಿರಲಿಲ್ಲವೇನೋ. ಬಲೆ ಬಿಟ್ಟು ಎದ್ದ.

ಮಾರೇಶ್ ಅವನನ್ನು ಅದೇ ನೇರ ರಸ್ತೆಗೆ ಒಯ್ದ. ನಲವತ್ತು, ಐವತ್ತು. ಆಮೇಲೆ ರಸ್ತೆ ಬಿಟ್ಟು ಹೊಲದ ಬದು, ಒಣ ಹಳ್ಳ, ಕಲ್ಲಿನ ಏರು. ನಾವು ಬೇವಿನ ಮರದ ಕೆಳಗೆ ಕಾಯುತ್ತಿದ್ದೆವು. ಯಶೋಧಕ್ಕ ಕಪ್ಪು ಗಾಜನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಬೊಮ್ಮಮ್ಮ ರಸ್ತೆ ನೋಡಲಿಲ್ಲ. ನೆಲ ನೋಡುತ್ತಿದ್ದಳು.

ಜೀಪು ಬಂದು ನಿಂತಿತು. ಬೀರಲಿಂಗೇಶ್ ಇಳಿದು ನೇರ ಬಂಡಿಯ ಹತ್ತಿರ ಹೋದ. ಎಂಟು ಬೋಲ್ಟನ್ನೂ ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿದ. ಹಲಗೆ ತೆರೆದ. ಗುಡಾರ ಎದ್ದು ನಿಂತಿತು. ಏಣಿ ಹತ್ತಿ ಒಳಗೆ ಮಲಗಿದ. ಧೂಳು ಮೆತ್ತಿದ ಅವನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಪಾದಗಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ.

"ಲೇ, ನಿದ್ದಿ ಬಂತೇನು?" ಎಂದು ಮಾರೇಶ್ ಕೂಗಿದ.

ಒಳಗಿನಿಂದ ಮಾತು ಬಂತು. "ಅವ್ವಾ, ನಿನ್ನ ಕಂಬಳಿ ಎಲ್ಲೈತಿ?"

ಕಂಬಳಿ ಬೊಮ್ಮಮ್ಮನ ಮಡಿಲಲ್ಲೇ ಇತ್ತು. ಬೆಳಗ್ಗೆಯಿಂದ ಇತ್ತು.

ಸೋಮವಾರ ಮಂದೆ ಹೊರಟಿತು. ಕುರಿಗಳ ಧೂಳು ಇಳಿದ ಮೇಲೆ ಜೀಪು, ಜೀಪಿನ ಹಿಂದೆ ಮಡಿಚಿದ ಗುಡಾರ ಹೊತ್ತ ಬಂಡಿ. ಡ್ರಮ್ಮು ತುಂಬಿತ್ತು. ತಿರುವಿನಲ್ಲಿ ನೀರು ಒಂದಿಷ್ಟು ತುಳುಕಿ ಬೇವಿನ ಬುಡಕ್ಕೆ ಬಿತ್ತು.

ಯಶೋಧಕ್ಕ ಆ ದಿನವೇ ಬೇರೆ ಕೆಲಸಕ್ಕೆ ಕೂತಳು. ಅವಳ ರೀತಿಯಲ್ಲಿ ಬದಲಾದದ್ದು ಒಂದೇ. ಈಗ ಬಂಡಿ ಮಾಡಿಸಲು ಬಂದವರನ್ನು ಮೊದಲು ಕೇಳುತ್ತಾಳೆ, "ಎಳಿಯೋದು ಯಾವುದು? ಎಷ್ಟು ಜೋರಾಗಿ ಹೋಗ್ತೈತಿ?" ಜಂಬಯ್ಯಜ್ಜ ಮರದ ಕೆಳಗೆ ಕೂತವರಿಗೆ, "ಜೀಪಿನ ಬಂಡಿಗೆ ಮೂಗು ಭಾರ ಇರಬೇಕಪ್ಪ, ಗೊತ್ತಿಲ್ಲದವರು ಹಗುರ ಮಾಡಿಬಿಡ್ತಾರ" ಎಂದು ವಿವರಿಸುತ್ತಾರೆ. ಆಗ ಯಶೋಧಕ್ಕ ಕಪ್ಪು ಗಾಜನ್ನು ಮುಖಕ್ಕೆ ಹಿಡಿದುಕೊಳ್ಳುತ್ತಾಳೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ನಾನು ಪರೀಕ್ಷೆಯ ಅರ್ಜಿಯ ಕೆಲಸಕ್ಕೆ ಹರಪನಹಳ್ಳಿಗೆ ಹೋಗುತ್ತಿದ್ದೆ. ಊರು ಇನ್ನೂ ಎರಡು ಮೈಲಿ ಇರುವಾಗ ಬಸ್ಸಿನ ಕಿಟಕಿಯಿಂದ ಕಂಡಿತು. ಬೋಳು ಹೊಲದ ನಡುವೆ ಆಳೆತ್ತರದಲ್ಲಿ ತೆರೆದ ಗುಡಾರ, ಎರಡೂ ಕಿಟಕಿಯಿಂದ ಹಾದುಹೋಗುತ್ತಿದ್ದ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಏಣಿಯ ಮೇಲೆ ಕಂಬಳಿ ಒಣಹಾಕಿತ್ತು. ಬೊಮ್ಮಮ್ಮ ಮೂಕಿಯ ಮೇಲೆ, ನೀರಿನ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಕಪ್ಪು ಮರಿ. ಅವಳು ಅದರ ಮೂಗು ಒರೆಸುತ್ತಿದ್ದಳು.

ನಾನು ಫೋನಿನಲ್ಲಿ ಯಶೋಧಕ್ಕನಿಗೆ ಹೇಳಿದೆ. ಅವಳು ಗುಡಾರದ ಬಗ್ಗೆ ಏನೂ ಕೇಳಲಿಲ್ಲ.

"ಮೂಕಿ ಮ್ಯಾಲೆ ಕುಂತಾಳೇನು? ಕುಂದ್ರಲಿ ಬಿಡು. ಮೂಗು ಇನ್ನಷ್ಟು ಭಾರ ಆತು."